ಹಿನ್ನೀರಿನ ಆಚೆ 64 ಮನೆ: ಬಿಪಿ, ಶುಗರ್ ಲೆಕ್ಕ ಇಡೋದು ಹೆಂಗೆ?

ಹೊಳೆಯಾಚೆ_ಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೊಳ್ದೆ ಓದಿ. ನಮ್ಮೂರು ಸಾಗರ ತಾಲೂಕು ಕರೂರು ಹೋಬಳಿ ಕಡೆ, ಶರಾವತಿ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗಿಂದ ದ್ವೀಪದವ್ರು ಅಂತ್ಲೇ ನಮ್ಮನ್ನ ಕರೀತಾರೆ. ಹೊಳೆಬಾಗಿಲು ಲಾಂಚ್ ನಂಬ್ಕೊಂಡೇ ಎರಡು ತಲೆಮಾರು ಕಳೀತು.

ಸೇತುವೆ ಆಗೋಕೆ ಎರಡು ವರ್ಷ ಮುಂಚೆ ನಮ್ಮ ದೊಡ್ಡಪ್ಪಂಗೆ ಲಕ್ವ ಹೊಡೀತು. ಸಂಜೆ ಏಳರ ಹೊತ್ತು, ಕೊಟ್ಟಿಗೆಯಿಂದ ಒಳಗೆ ಬಂದವ್ರು ಕೈಲಿದ್ದ ಚೆಂಬು ಹಿಡಿಯೋಕಾಗ್ದೆ ಕೆಳಗೆ ಬಿಟ್ರು, ನೋಡಿದ್ರೆ ಬಾಯಿ ಒಂದು ಕಡೆ ಎಳ್ಕೊಂಡಿತ್ತು. ಲಾಂಚ್ ಅಷ್ಟೊತ್ತಿಗೆ ನಿಂತಾಗಿತ್ತು. ಕಾಡು ರಸ್ತೇಲಿ ಸುತ್ತಿ ಬಳಸಿ ಜೀಪಲ್ಲಿ ಆಸ್ಪತ್ರೆ ಮುಟ್ಟೋವಾಗ ನಡುರಾತ್ರಿ ದಾಟಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಬೀಳ್ಬೇಕು ಅಂದ್ರು. ಜೀವ ಉಳೀತು, ಬಲಗೈ ಬರ್ಲಿಲ್ಲ.

ನಾನು ಹೇಳ್ಬೇಕಂತಿರೋದು ಅದಲ್ಲ. ಆಮೇಲೆ ಒಂದಿನ ದೊಡ್ಡಮ್ಮ ಅವರ ಕವಳದ ಸಂಚಿ ಕೊಡವ್ತಾ ಇದ್ದಾಗ ಒಂದು ಚೀಟಿ ಬಿತ್ತು. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದು, ಸುಣ್ಣ ತಾಗಿ ಒಂದು ಮೂಲೆ ಗಟ್ಟಿಯಾಗಿತ್ತು. ಒಳಗೆ ಬಿಪಿ 178/104 ಅಂತ ಬರೆದು ಅಡಿಗೆ ಎರಡು ಗೆರೆ ಎಳ್ದಿದ್ರು. ಲಕ್ವ ಹೊಡೆಯೋಕೆ ಹದಿನಾಲ್ಕು ತಿಂಗಳು ಮುಂಚೆ ಊರಿಗೆ ಒಂದು ಕ್ಯಾಂಪ್ ಬಂದಿತ್ತು, ಶಾಲೆ ಜಗಲೀಲಿ ಕೂತು ಒಂದೇ ದಿನದಲ್ಲಿ ಊರಿಗೆ ಊರೇ ನೋಡಿ ಹೋಗಿದ್ರು, ಆ ಚೀಟಿ ಅವತ್ತಿಂದು. ಅಂದ್ರೆ ಗೊತ್ತಿತ್ತು! ಒಬ್ರು ಅಳೆದಿದ್ರು, ಬರೆದಿದ್ರು, ಗೆರೆನೂ ಎಳ್ದಿದ್ರು. ಆಮೇಲೆ ಯಾರೂ ಕೇಳ್ಲಿಲ್ಲ, ದೊಡ್ಡಪ್ಪನೂ ಹೋಗ್ಲಿಲ್ಲ, ತಲೆನೋವಿಲ್ಲ ಸುತ್ತಿಲ್ಲ ನಂಗೆಂತದು ಅಂತ ಸುಮ್ನಾದ್ರು.

ಈಗ ನಾವು ನಾಲ್ಕೈದು ಜನ ಸೇರಿ ಊರಿಗೇ ಒಂದು ಪುಸ್ತಕ ಇಡೋಣ ಅಂತಿದೀವಿ. 64 ಮನೆ, ಮೂವತ್ತು ದಾಟಿದವ್ರು 171 ಜನ. ಏನೇನು ಬರೀಬೇಕು, ಎಷ್ಟು ದಿನಕ್ಕೊಮ್ಮೆ ನೋಡ್ಬೇಕು, ಯಾರ ಜವಾಬ್ದಾರಿ, ತಿಳಿದವ್ರು ಹೇಳಿ.

ನಿವೃತ್ತ_ಸಿಸ್ಟರ್:

ನಿಮ್ಮ ದೊಡ್ಡಪ್ಪನ ವಿಷಯ ಓದಿ ತುಂಬ ಸಂಕಟ ಆಯ್ತು. ಮೂವತ್ತು ವರ್ಷ ಹೊಸನಗರ, ಸಾಗರ ಕಡೆ ಹಳ್ಳಿಗಳಲ್ಲಿ ಕೆಲಸ ಮಾಡಿದೀನಿ, ಇಂಥ ಚೀಟಿ ನಾನೂ ಬರ್ಕೊಟ್ಟಿದೀನಿ, ಅದರಲ್ಲಿ ಎಷ್ಟು ಚೀಟಿ ಹಿಂಗೆ ಸಂಚಿ ಸೇರಿದ್ವೋ.

ಪುಸ್ತಕಕ್ಕಿಂತ ಮುಂಚೆ ಅಳೆಯೋದು ಸರಿ ಮಾಡ್ಕೊಳ್ಳಿ. ಗುಡ್ಡ ಹತ್ತಿ ಬಂದವರ ತೋಳಿಗೆ ಕೂತ ತಕ್ಷಣ ಬಿಪಿ ಮಶೀನಿನ ಪಟ್ಟಿ ಸುತ್ತಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ನೆ ಕೂರಲಿ. ಅದಕ್ಕೂ ಮುಂಚೆ ಅರ್ಧ ಗಂಟೆ ಕವಳ ಇಲ್ಲ, ಬೀಡಿ ಇಲ್ಲ, ಕಾಫಿ ಇಲ್ಲ. ಪಾದ ಎರಡೂ ನೆಲಕ್ಕೆ ಊರಿರ್ಬೇಕು, ತೋಳು ಎದೆ ಮಟ್ಟಕ್ಕೆ ಮೇಜಿನ ಮೇಲೆ. ಅಳೆಯೋವಾಗ ಮಾತಾಡಿಸ್ಬೇಡಿ. ನಮ್ಮೂರಲ್ಲಿ ಇದೇ ಕಷ್ಟ, ಸಿಸ್ಟರ್ ಕಂಡ ಕೂಡ್ಲೆ ದನ ಕರು ಹಾಕಿದ್ದು, ಸೊಸೆ ತವರಿಗೆ ಹೋಗಿದ್ದು ಎಲ್ಲ ಶುರುವಾಗತ್ತೆ. ಎರಡು ಸಲ ಅಳೆದು ಎರಡನ್ನೂ ಬರೀರಿ. ತೋಳು ದಪ್ಪ ಇರೋರಿಗೆ ಸಣ್ಣ ಪಟ್ಟಿ ಸುತ್ತಿದ್ರೆ ಬಿಪಿ ಇಲ್ದಿದ್ರೂ ಜಾಸ್ತಿ ತೋರಿಸತ್ತೆ, ದೊಡ್ಡ ಪಟ್ಟಿ ಒಂದು ಇಟ್ಕೊಳ್ಳಿ.

ಒಂದೇ ದಿನ ಜಾಸ್ತಿ ಬಂತು ಅಂತ ರೋಗಿ ಅಂತ ಬರೀಬೇಡಿ, ಬೇರೆ ದಿನ ಇನ್ನೊಮ್ಮೆ ನೋಡಿ. ಆದ್ರೆ 180/110 ದಾಟಿದ್ರೆ ಕಾಯೋದು ಬೇಡ, ಅವತ್ತೇ ಡಾಕ್ಟರ ಹತ್ರ ಕಳಿಸಿ.

ಗುಡ್ಡೇಕೊಪ್ಪದವ:

ಒಂದು ಮಾತು ಕೇಳ್ಲಾ? 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯ್ತಲ್ಲ, ಎರಡು ಕಿಲೋಮೀಟರಿಗೂ ಉದ್ದದ್ದು, ಈಗ ಅರ್ಧ ರಾತ್ರೀಲೂ ಆಂಬುಲೆನ್ಸ್ ಬರತ್ತೆ. ಇನ್ನೂ ದ್ವೀಪ ಅನ್ನೋದು ಯಾಕೆ ಅಂತ.

ಹೊಳೆಯಾಚೆ_ಮನೆ:

ಸೇತುವೆ ಆಗಿದ್ದು ನಮಗೆ ಎಷ್ಟು ದೊಡ್ಡದು ಅಂತ ಹೇಳೋಕೆ ಬರಲ್ಲ, ಅವತ್ತು ದೊಡ್ಡಪ್ಪನ್ನ ಗಾಡೀಲಿ ಕೂರಿಸ್ಕೊಂಡು ಹೋಗಿ ತೋರಿಸ್ಕೊಂಡು ಬಂದ್ವಿ. ಲಕ್ವ ಹೊಡೆದ್ಮೇಲೆ ಬೇಗ ಹೋಗೋಕೆ ಸೇತುವೆ ಬೇಕು, ಒಪ್ತೀನಿ. ಲಕ್ವ ಹೊಡೀದಂಗೆ ನೋಡ್ಕೊಳ್ಳೋಕೆ ಯಾರಾದ್ರೂ ಮನೆ ಬಾಗಿಲಿಗೆ ಬಂದು ಮಾತ್ರೆ ಖಾಲಿ ಆಯ್ತಾ ಅಂತ ಕೇಳ್ಬೇಕು. ಮೇಲಿನಕೇರಿಯಿಂದ ಟಾರ್ ರಸ್ತೆಗೆ ಬರೋಕೇ ಮುಕ್ಕಾಲು ಗಂಟೆ ನಡಿಗೆ, ಮಳೆಗಾಲದಲ್ಲಿ ಹಳ್ಳಕ್ಕೆ ಹಾಕಿದ ಮರದ ಸಾರ ದಾಟ್ಬೇಕು, ಬಸ್ಸು ದಿನಕ್ಕೆ ಎರಡು. ಒಂದು ಬಿಪಿ ಮಾತ್ರೆಗೆ ಇಡೀ ದಿನದ ಕೂಲಿ ಬಿಡ್ಬೇಕು.

ಜನಾರೋಗ್ಯ_ವಿದ್ಯಾರ್ಥಿ:

ನಾನು ಶಿವಮೊಗ್ಗದವ್ನೇ, ಈಗ ಮಂಗಳೂರಲ್ಲಿ ಸಾರ್ವಜನಿಕ ಆರೋಗ್ಯ ಓದ್ತಿದೀನಿ, ದ್ವೀಪಗಳ ಮೇಲೇನೇ ಪ್ರಾಜೆಕ್ಟ್ ಮಾಡಿದ್ದು, ಹಾಗಾಗಿ ಈ ಥ್ರೆಡ್ ನೋಡಿ ಸುಮ್ನಿರೋಕಾಗ್ಲಿಲ್ಲ.

ಪೆಸಿಫಿಕ್ ಸಮುದ್ರದಲ್ಲಿ ನೌರು ಅಂತ ದೇಶ ಇದೆ, ಇಡೀ ದೇಶ ಸೇರಿ 21 ಚದರ ಕಿಲೋಮೀಟರ್. ಫಾಸ್ಫೇಟ್ ಗಣಿ ದುಡ್ಡು ಬಂತು, ಮೀನು ಹಿಡಿಯೋದು ಬಿಟ್ರು, ಹಡಗಲ್ಲಿ ಬರೋ ಬಿಳಿ ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ ತಿನ್ನೋಕೆ ಶುರು ಮಾಡಿದ್ರು. 1975ರ ಹೊತ್ತಿಗೆ ಪಾಲ್ ಜಿಮ್ಮೆಟ್ ಅನ್ನೋ ಆಸ್ಟ್ರೇಲಿಯಾದ ಡಾಕ್ಟರ ತಂಡ ಹೋಗಿ ರಕ್ತ ನೋಡಿದ್ರೆ ದೊಡ್ಡವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಶುಗರ್. ಸಣ್ಣ ದ್ವೀಪದಲ್ಲಿ ಎಣಿಸಿದ್ದಕ್ಕೇ ಅಷ್ಟು ಸ್ಪಷ್ಟವಾಗಿ ಕಂಡಿದ್ದು, ಜಗತ್ತಿಗೇ ಅದು ಮುಂಚಿತವಾಗಿ ಬಂದ ಎಚ್ಚರಿಕೆ ಆಯ್ತು. 2011ರಲ್ಲಿ ಪೆಸಿಫಿಕ್ ದ್ವೀಪಗಳ ನಾಯಕರೆಲ್ಲ ಸೇರಿ ಬಿಪಿ, ಶುಗರ್, ಹೃದಯದ ಕಾಯಿಲೆಗಳನ್ನ ತುರ್ತು ಪರಿಸ್ಥಿತಿ ಅಂತ ಘೋಷಿಸಿದ್ರು.

ಅದೇ ಪೆಸಿಫಿಕ್ಕಿನ ಟೋಕೆಲಾವು ಕೇಳಿ. ಮೂರೇ ಹವಳದ ದ್ವೀಪ, ಜನ ಎಲ್ಲ ಸೇರಿ ಒಂದೂವರೆ ಸಾವಿರದ ಆಸುಪಾಸು, ವಿಮಾನ ನಿಲ್ದಾಣನೇ ಇಲ್ಲ, ಸಮೋವಾದಿಂದ ಹಡಗಲ್ಲಿ ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಲ್ಲಿ ಮಾತ್ರೆ ತಡ ಆಯ್ತು ಅಂದ್ರೆ ಮುಂದಿನ ಹಡಗಿನ ತನಕ ಕಾಯೋದೇ.

ಮಾರಿಷಸ್ಸಿಂದು ನನಗೆ ಬಹಳ ಇಷ್ಟ. 1987ರಲ್ಲಿ ಸರ್ವೆ ಮಾಡಿ, ಜನ ದಿನಾ ಬಳಸೋ ಅಗ್ಗದ ಎಣ್ಣೇಲಿ ಹೆಚ್ಚು ತಾಳೆ ಎಣ್ಣೆ ಇತ್ತಲ್ಲ, ಸರ್ಕಾರ ಅದನ್ನ ಸೋಯಾ ಎಣ್ಣೆಗೆ ಬದಲಾಯಿಸ್ತು. ಐದು ವರ್ಷ ಬಿಟ್ಟು ಮತ್ತೆ ಸರ್ವೆ ಮಾಡಿದ್ರೆ ಸರಾಸರಿ ಕೊಲೆಸ್ಟ್ರಾಲ್ ಸುಮಾರು 15% ಇಳಿದಿತ್ತು, ಶುಗರ್ ಮಾತ್ರ ಇಳೀಲಿಲ್ಲ. ಎರಡು ಸಲ ಒಂದೇ ಥರ ಅಳೆದಿದ್ದಕ್ಕೆ ಯಾವುದು ಕೆಲಸ ಮಾಡ್ತು, ಯಾವುದು ಮಾಡ್ಲಿಲ್ಲ ಅಂತ ಗೊತ್ತಾಯ್ತು. ನಿಮ್ಮ ಊರಿಗೆ ಬಂದ ಕ್ಯಾಂಪ್ ಒಂದೇ ಸಲ ಅಳೀತು.

ಇನ್ನೊಂದು, ಶೇಕಡಾ ಲೆಕ್ಕಕ್ಕೆ ನಿಮ್ಮೂರಲ್ಲಿ ಅರ್ಥ ಇಲ್ಲ. 171 ಜನದಲ್ಲಿ ಒಂದು ವರ್ಷ ಒಬ್ರಿಗೆ ಲಕ್ವ, ಮುಂದಿನ ವರ್ಷ ಮೂವರಿಗೆ ಆದ್ರೆ ಮೂರು ಪಟ್ಟು ಜಾಸ್ತಿ ಆಯ್ತು ಅಂತ ಗಾಬರಿ ಬೀಳೋದೂ ತಪ್ಪು, ಮರುವರ್ಷ ಯಾರಿಗೂ ಆಗ್ಲಿಲ್ಲ ಅಂತ ಖುಷಿ ಪಡೋದೂ ತಪ್ಪು. ಲಕ್ಷದ್ವೀಪದ ಬಿತ್ರಾದಲ್ಲಿ 2011ರ ಜನಗಣತೀಲಿ ಇದ್ದಿದ್ದೇ 271 ಜನ, ಅಲ್ಲೂ ಇದೇ ತೊಂದರೆ. ಇಷ್ಟು ಸಣ್ಣ ಜಾಗದಲ್ಲಿ ಮೂರು ನಾಲ್ಕು ವರ್ಷದ್ದು ಕೂಡಿಸಿ ನೋಡ್ಬೇಕು. ಆದ್ರೆ ದೊಡ್ಡ ಊರಿಗೆ ಸಿಗದ ಒಂದು ಅನುಕೂಲ ನಿಮಗಿದೆ, ಸ್ಯಾಂಪಲ್ ಗೀಂಪಲ್ ಬೇಡ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಎಣಿಸಬಹುದು.

ಆಶಾ_ಅಕ್ಕ:

ಎಲ್ಲರೂ ಹೇಳಿದ್ದು ಸರಿನೇ, ಆದ್ರೆ ಪುಸ್ತಕ ಇಲ್ಲ ಅಂತ ಯಾರು ಹೇಳಿದ್ದು? ಮೂವತ್ತು ದಾಟಿದ ಎಲ್ಲರದ್ದೂ ಫಾರಂ ನಾವು ಆಶಾ ಕಾರ್ಯಕರ್ತೆಯರು ತುಂಬ್ತೀವಿ, ವಯಸ್ಸು, ತಂಬಾಕು, ಸೊಂಟದ ಸುತ್ತಳತೆ, ಮನೇಲಿ ಯಾರಿಗಿತ್ತು ಅಂತೆಲ್ಲ ಕೇಳಿ ಅಂಕ ಹಾಕ್ತೀವಿ, ನಾಲ್ಕು ದಾಟಿದವ್ರನ್ನ ಮೊದಲು ತಪಾಸಣೆಗೆ ಕಳಿಸ್ತೀವಿ. ಆಮೇಲೆ ಅದು ಆ್ಯಪಿಗೆ ಹೋಗತ್ತೆ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ಇಳಿದು ಗುಡ್ಡ ಹತ್ತಬೇಕು, ಹತ್ತು ಮನೆ ಮುಗಿಸೋದ್ರಲ್ಲಿ ದಿನ ಮುಗೀತು, ನೆಟ್‌ವರ್ಕ್ ಸಿಗೋದು ದೇವಸ್ಥಾನದ ಕಟ್ಟೆ ಮೇಲೆ ಮಾತ್ರ. ಮಳೆ ಶುರುವಾದ್ರೆ ಅದೂ ಇಲ್ಲ.

ನಂಗೆ ಬೇಸರ ಎಲ್ಲಿ ಅಂದ್ರೆ, ಮೀಟಿಂಗಲ್ಲಿ ಕೇಳೋದು ಈ ತಿಂಗಳು ಎಷ್ಟು ಜನರನ್ನ ಹೊಸದಾಗಿ ನೋಡಿದ್ರಿ ಅಂತ. ಹೋದ ವರ್ಷ ನೋಡಿದವರು ಈಗ ಎಲ್ಲಿದಾರೆ ಅಂತ ಕೇಳಿದ್ದು ಕಮ್ಮಿ. ಬೇಸಿಗೇಲಿ ಕಾಡಲ್ಲಿ ಒಂದು ಮಂಗ ಸತ್ತು ಬಿದ್ರೆ ಸಾಕು, ಮಂಗನ ಕಾಯಿಲೆ ಅಂತ ಎಲ್ಲರೂ ಓಡಿ ಬರ್ತಾರೆ, ಬರ್ಲೇಬೇಕು, ಸಾಗರ ತಾಲೂಕಿನ ಅರಳಗೋಡಲ್ಲಿ ಅದರಿಂದ ಜನ ಸತ್ತಿದ್ದು ನೋಡಿದೀವಿ. ಬಿಪಿಗೆ ಸತ್ತ ಮಂಗ ಇಲ್ಲ. ಮಾತ್ರೆ ಬಿಟ್ಟ ಮನುಷ್ಯ ಚೆನ್ನಾಗೇ ತೋಟಕ್ಕೆ ಹೋಗಿ ಬಂದು ಮಾಡ್ತಿರ್ತಾನೆ, ಒಂದಿನ ಬೀಳೋ ತನಕ.

ಸಹಾಯ ಮಾಡ್ಬೇಕು ಅಂತಿದ್ರೆ ಬೇರೆ ಪುಸ್ತಕ ಮಾಡ್ಬೇಡಿ, ನಮ್ಮ ಪಟ್ಟಿನೇ ಇಟ್ಕೊಂಡು ಬರದೇ ಇರೋರನ್ನ ಹುಡುಕಿ ಕೊಡಿ. ಅಷ್ಟು ಮಾಡಿದ್ರೆ ನಿಮ್ಮ ಋಣ ತೀರ್ಸೋಕಾಗಲ್ಲ.

ಹೊಳೆಯಾಚೆ_ಮನೆ:

ಅಕ್ಕ, ಖಂಡಿತ. ನಮ್ಮೂರ ಆಶಾ ಹತ್ರನೂ ಇವತ್ತು ಮಾತಾಡ್ದೆ, ಅವರೂ ಬಹುಪಾಲು ಇದನ್ನೇ ಅಂದ್ರು.

ಕೆಳದಿ_ಹುಡುಗ:

ನಾನು ಸ್ವಲ್ಪ ಬೇರೆ ಹೇಳ್ತೀನಿ. 64 ಮನೇಲಿ ಯಾರ ಹೆಸರು ಮುಚ್ಚಿಟ್ರೂ ಪ್ರಯೋಜನ ಇಲ್ಲ, "ಮೇಲಿನಕೇರಿ, 52 ವರ್ಷ, ಹೆಂಗಸು" ಅಂದ್ರೆ ಸಾಕು ಯಾರು ಅಂತ ಎಲ್ಲರಿಗೂ ಗೊತ್ತು. ಮದುವೆ ಮಾತುಕತೆ ಹೊತ್ತಲ್ಲಿ ಆ ಮನೇಲಿ ಶುಗರ್ ಇದ್ಯಂತೆ ಅನ್ನೋದು ಓಡಾಡತ್ತೆ.

ಸಾಗರದ ಪಕ್ಕದ ಹಂದಿಗೋಡು ನೆನಪು ಮಾಡ್ಕೊಳ್ಳಿ. 1975ರ ಆಸುಪಾಸಲ್ಲಿ ಅಲ್ಲಿ ಸೊಂಟ, ಕೀಲು ಹಿಡ್ಕೊಂಡು ಜನ ನಡೆಯೋಕಾಗ್ದೇ ಇದ್ದದ್ದು ಬೆಳಕಿಗೆ ಬಂತು, ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಯವರು ಬಂದು ರಕ್ತ ತಗೊಂಡ್ರು, ಎಕ್ಸ್‌ರೇ ತೆಗೆದ್ರು, ವಂಶದಲ್ಲಿ ಬರೋದು ಅಂತ ಗೊತ್ತಾಯ್ತು. ಊರಿನ ಹೆಸರೇ ಕಾಯಿಲೆಗೆ ಅಂಟ್ಕೊಂಡ್ತು. 1957ರಲ್ಲಿ ಮಂಗನ ಕಾಯಿಲೆ ಕಂಡಾಗ ಸೊರಬದ ಕ್ಯಾಸನೂರಿಗೆ ಆಗಿದ್ದೂ ಅದೇ, ಈಗ್ಲೂ ಜಗತ್ತಿನ ವೈದ್ಯಕೀಯ ಪುಸ್ತಕದಲ್ಲಿ ಆ ಊರು ಇರೋದು ಕಾಯಿಲೆ ಹೆಸರಾಗಿ. ಬಡವರ ಊರು, ಬಡವರ ಕೇರಿ ಆದ್ರೆ ಇದು ಇನ್ನೂ ಜೋರು. ಅದಕ್ಕೆ ಪುಸ್ತಕ ಇಡಿ, ಆದ್ರೆ ಸಂಘದ ಮೀಟಿಂಗಲ್ಲಿ ಓದಬೇಡಿ, ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕ್ಬೇಡಿ. ಒಬ್ರ ಕೈಲಿ ಇರ್ಲಿ. ಬರಿಯೋ ಮುಂಚೆ ಅವರವರನ್ನ ಕೇಳಿ, ಬೇಡ ಅಂದವ್ರದ್ದು ಬರೀಬೇಡಿ.

ನಿವೃತ್ತ_ಸಿಸ್ಟರ್:

ಕೆಳದಿ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಹೊಳೆಯಾಚೆಯವರೇ, ಇದನ್ನ ಮೊದಲ ಪುಟದಲ್ಲೇ ಬರ್ಕೊಳ್ಳಿ.

ಶುಗರ್ ಇರೋರಿಗೆ ಒಂದು ಮುಖ್ಯ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗ, ಕಿಡ್ನಿ ಹೆಂಗಿದೆ ಅಂತ ತಿಳಿಯೋಕೆ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸ್ಬೇಕು, ಇದಕ್ಕೆ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗ್ಬೇಕಾಗಬಹುದು. ಆದ್ರೆ ಪಾದ ನೋಡೋಕೆ ಯಾವ ಆಸ್ಪತ್ರೆನೂ ಬೇಡ. ನಮ್ಮವ್ರು ಬರಿಗಾಲಲ್ಲಿ ತೋಟಕ್ಕೆ ಇಳಿಯೋರು. ಒಬ್ರು ಬಂದಿದ್ರು, ಅರವತ್ತರ ಹತ್ರ ವಯಸ್ಸು, ಬೆರಳ ಸಂದೀಲಿ ಉಂಬಳ (ಜಿಗಣೆ) ಕಚ್ಚಿ ಬಿಟ್ಟಿದ್ದ ಗಾಯ, ರಕ್ತ ಒಣಗಿ ಕಪ್ಪಾಗಿ ಒಳಗೆ ಕೀವು ಆಗಿತ್ತು, ಎಷ್ಟು ದಿನ ಆಯ್ತು ಅಂದ್ರೆ "ಗೊತ್ತೇ ಆಗ್ಲಿಲ್ಲ ಅಮ್ಮ" ಅಂದ್ರು. ನೋವು ಗೊತ್ತಾಗ್ದೇ ಇರೋದೇ ಕಾಯಿಲೆ. ಆ ಬೆರಳು ತೆಗೀಬೇಕಾಯ್ತು. ಅದಕ್ಕೆ ದಿನಾ ರಾತ್ರಿ ಕಾಲು ತೊಳೆದು ಒರೆಸಿ, ಬಗ್ಗೋಕಾಗ್ದೇ ಇದ್ರೆ ಮೊಮ್ಮಕ್ಕಳ ಹತ್ರ ಪಾದದ ಅಡಿ, ಬೆರಳ ಸಂದಿ ನೋಡಿಸಿ. ಮಕ್ಕಳಿಗೆ ಕಣ್ಣು ಚುರುಕು.

ಔಷಧಿ_ಅಂಗಡಿ_ತೀರ್ಥಳ್ಳಿ:

ಮಲೆನಾಡಿನವ್ರಿಗೆ ಎರಡು ಮಾತು. ಒಂದು, ಗ್ಲುಕೋಮೀಟರ್ ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದಿಡಬೇಡಿ, ಒಂದು ತೆಗೆದ ತಕ್ಷಣ ಗಟ್ಟಿ ಮುಚ್ಚಿ. ಜುಲೈ ಆಗಸ್ಟಲ್ಲಿ ಗೋಡೆ ಮೇಲೆ ನೀರಿಳಿಯತ್ತೆ, ಆ ಥಂಡಿ ಸ್ಟ್ರಿಪ್ಪಿಗೆ ತಾಗಿದ್ರೆ ಸುಳ್ಳು ನಂಬರ್ ಬರತ್ತೆ. ಡಬ್ಬಿಯಿಂದ ತೆಗೆದು ಪ್ಲಾಸ್ಟಿಕ್ ಕವರಲ್ಲಿ ಹಾಕಿಡೋರನ್ನ ನೋಡಿದೀನಿ, ದಯವಿಟ್ಟು ಬೇಡ. ಹಲಸಿನಹಣ್ಣು ತಿಂದ ಕೈಯಲ್ಲೂ ಚುಚ್ಕೋಬೇಡಿ, ಕೈ ತೊಳೆದು ಒಣಗಿಸಿ, ಬೆರಳಲ್ಲಿರೋ ಸಿಹಿನೇ ಮೀಟರ್ ಹತ್ತಿಸಿಬಿಡತ್ತೆ.

ಎರಡು, ಇನ್ಸುಲಿನ್. ಮಳೆಗಾಲದಲ್ಲಿ ಮೂರು ನಾಲ್ಕು ದಿನ ಕರೆಂಟ್ ಇರಲ್ಲ. ಬಳಸ್ತಿರೋ ಬಾಟ್ಲಿ ಸುಮಾರು ನಾಲ್ಕು ವಾರ ತಂಪಾದ ಜಾಗದಲ್ಲಿ ಹೊರಗಿಟ್ರೂ ನಡೆಯತ್ತೆ, ಮಣ್ಣಿನ ಮಡಿಕೆಗೆ ಒದ್ದೆ ಬಟ್ಟೆ ಸುತ್ತಿ ಅದರೊಳಗೆ ಇಡೋದು ಒಳ್ಳೇ ಉಪಾಯ, ಬಾಟ್ಲಿಗೆ ನೀರು ತಾಗಬಾರ್ದು. ಫ್ರೀಜರಲ್ಲಿ ಇಟ್ಟು ಗಟ್ಟಿಯಾದ್ರೆ ಎಸೆಯೋದೇ. ಮಳೆ ಹಿಡಿಯೋ ಮುಂಚೆ, ಮೇ ಕೊನೇಲಿ, ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ ಅಂತ ಡಾಕ್ಟರನ್ನ ಕೇಳಿ ನೋಡಿ.

ಹೊಸನಗರ_ಅಮ್ಮ:

ಊಟದ ಬಗ್ಗೆ ಯಾರೂ ಬರೀಲಿಲ್ಲ. ದಿನಕ್ಕೆ ಐದು ಗ್ರಾಂ ಉಪ್ಪು ಅಂದ್ರೆ ಒಂದು ಟೀ ಚಮಚ, ನಮ್ಮನೇಲಿ ಅಪ್ಪೆಮಿಡಿ, ಹಪ್ಪಳ, ಗಂಜಿಗೆ ಮೇಲುಪ್ಪು ಸೇರಿ ಬೆಳಿಗ್ಗೆ ತಿಂಡಿಗೇ ಅಷ್ಟಾಗತ್ತೆ. ಉಪ್ಪಿನಕಾಯಿ ಬಿಡಿ ಅಂದ್ರೆ ಯಜಮಾನ್ರು ಊಟನೇ ಬಿಡ್ತಾರೆ. ಒಂದು ಮಿಡಿನ ನಾಲ್ಕು ಹೋಳು ಮಾಡಿ ಒಂದು ಹೋಳು ಬಡಿಸ್ತೀನಿ, ಗಂಜಿ ಜೊತೆ ತಂಬುಳಿ ಜಾಸ್ತಿ ಹಾಕ್ತೀನಿ. ಆರು ತಿಂಗಳಾಯ್ತು, ಈಗ ಅವ್ರೇ ಉಪ್ಪು ಜಾಸ್ತಿ ಆಯ್ತು ಅಂತ ಬೇರೆಯವರ ಮನೇಲಿ ಹೇಳ್ತಾರೆ.

ಜನಾರೋಗ್ಯ_ವಿದ್ಯಾರ್ಥಿ:

ಲೆಕ್ಕದ ಬಗ್ಗೆ ಒಂದೇ ಒಂದು ಮಾತು ಸೇರಿಸ್ತೀನಿ, ಇದು ಬಹಳ ಕಡೆ ತಪ್ಪೋದು. "ಬಿಪಿ ಹತೋಟೀಲಿ ಎಷ್ಟು ಜನ" ಅಂತ ನೋಡೋವಾಗ ಬಂದವರನ್ನ ಮಾತ್ರ ಎಣಿಸ್ಬೇಡಿ. ಭಾಗಾಕಾರ ಮಾಡೋವಾಗ ಪಟ್ಟೀಲಿ ಹೆಸರಿದ್ದ ಬಿಪಿಯವ್ರೆಲ್ಲ ಕೆಳಗೆ ಇರ್ಬೇಕು, ಕಳೆದ ಮೂರು ತಿಂಗಳಲ್ಲಿ ಬಂದು 140/90 ಒಳಗಿದ್ದವ್ರು ಮಾತ್ರ ಮೇಲೆ. ಬರದೇ ಇದ್ದವ್ರನ್ನ ಲೆಕ್ಕದಿಂದ ಬಿಟ್ರೆ ಪುಸ್ತಕ ನೋಡೋಕೆ ಚಂದ ಕಾಣತ್ತೆ, ನಿಮ್ಮ ದೊಡ್ಡಪ್ಪನಂಥವ್ರು ಅದರಲ್ಲಿ ಇರೋದೇ ಇಲ್ಲ.

ಹೊಳೆಯಾಚೆ_ಮನೆ:

ಮೂರು ತಿಂಗಳಾದ್ಮೇಲೆ ಮತ್ತೆ ಬರೀತಿದೀನಿ. ಬೇರೆ ಪುಸ್ತಕ ಮಾಡ್ಲಿಲ್ಲ, ನಮ್ಮ ಆಶಾ ಹತ್ರ ಇರೋ ಪಟ್ಟಿನೇ. ನಾವು ಒಂದು ಕೆಲಸ ಮಾತ್ರ ಹೊತ್ಕೊಂಡ್ವಿ, ತಿಂಗಳ ಎರಡನೇ ಮಂಗಳವಾರ ನಮ್ಮೂರಿಗೆ ಬಿಪಿ ನೋಡೋಕೆ ಸಿಸ್ಟರ್ ಬರ್ತಾರಲ್ಲ, ಅವತ್ತು ಬರದೇ ಇದ್ದವ್ರ ಮನೆಗೆ ಆ ವಾರದೊಳಗೆ ಹೋಗೋದು. ಕೇಳಿದವರಲ್ಲಿ ಇಬ್ರು ಬೇಡ ಅಂದ್ರು, ಅವರ ಮನೆಗೆ ನಾವು ಹೋಗಲ್ಲ.

ಬಿಪಿ ಇರೋರು ಪಟ್ಟೀಲಿ 41 ಜನ. ಈ ಮೂರು ತಿಂಗಳಲ್ಲಿ ಬಂದವ್ರು 26, ಅದರಲ್ಲಿ 20 ಜನರದ್ದು 140/90 ಒಳಗಿದೆ. ಬಂದವರನ್ನ ಮಾತ್ರ ಎಣಿಸಿದ್ರೆ 77%, ಎಲ್ಲರೂ ಖುಷಿ. ವಿದ್ಯಾರ್ಥಿ ತಮ್ಮ ಹೇಳಿದಂಗೆ ಎಣಿಸಿದ್ರೆ 49%. ಆ ಎರಡು ನಂಬರ್ ಪಕ್ಕ ಪಕ್ಕ ಬರೆದು ನೋಡ್ದಾಗ ನಂಗೆ ಆ ಸುಣ್ಣದ ಚೀಟಿ ನೆನಪಾಯ್ತು.

ಬರದ 15 ಜನರ ಮನೆಗೂ ಒಂದು ಸುತ್ತು ಹೋಗಿ ಬಂದ್ವಿ. ನಾಲ್ಕು ಜನ ಬೆಂಗಳೂರು, ಶಿವಮೊಗ್ಗ ಅಂತ ಮಕ್ಕಳ ಮನೇಲಿದಾರೆ, ಮಾತ್ರೆ ತಗೋತಿದಾರೆ ಅಂತ ಫೋನಲ್ಲಿ ಹೇಳಿದ್ರು. ಆರು ಜನ ಅಡಿಕೆ ಕೊಯ್ಲು, ಸುಲಿಯೋದು ಅಂತ ಬಿಡುವಿಲ್ದೆ ಬರ್ಲಿಲ್ಲ, ಅವರಿಗೆ ರಾತ್ರಿ ಸುಲಿಯೋ ಚಪ್ಪರದಲ್ಲೇ ಹೋಗಿ ನೋಡೋದಾಗಿ ಸಿಸ್ಟರ್ ಒಪ್ಕೊಂಡಿದಾರೆ. ಇಬ್ರಿಗೆ ನಡೆಯೋಕಾಗಲ್ಲ. ಉಳಿದ ಮೂರು ಜನ ಮಾತ್ರೆ ತಾವಾಗೇ ಬಿಟ್ಟಿದಾರೆ, ಹುಷಾರಿದೀನಿ ಅಂತಾರೆ. ಮೂವರದ್ದೂ ಮೇಲಿನಕೇರಿನೇ. ನಾವು ಹೇಳಿದ್ರೆ ಕೇಳಲ್ಲ ಅಂತ ನಾಳೆ ದೊಡ್ಡಪ್ಪನೇ ಬರ್ತೀನಿ ಅಂದಿದಾರೆ, ಜೀಪ್ ಹೋಗೋ ತನಕ ಜೀಪಲ್ಲಿ, ಅಲ್ಲಿಂದ ಮೇಲೆ ಕುರ್ಚೀಲಿ ಕೂರಿಸಿ ಎತ್ಕೊಂಡು ಹೋಗ್ತೀವಿ.

ನಿವೃತ್ತ_ಸಿಸ್ಟರ್:

ತೋಳಿಗೆ ಸುತ್ತೋ ದೊಡ್ಡ ಪಟ್ಟಿ ತಗೊಂಡೇ ಹೋಗಿ, ಹೆಚ್ಚುವರಿ ಬ್ಯಾಟರಿನೂ ಇರ್ಲಿ. ಕೇರಿ ಮುಟ್ಟಿದ ತಕ್ಷಣ ಅಳೀಬೇಡಿ, ಮೊದಲು ದೊಡ್ಡಪ್ಪ ಮಾತಾಡ್ಲಿ.